ಸೋಗಾನೆಗೆ 31 ನಿಮಿಷವಂತೆ!

ಹೋದ ತಿಂಗಳು ಭದ್ರಾವತಿಯಿಂದ ಅಮ್ಮ ಫೋನ್ ಮಾಡಿದ್ದಳು. ಅಪ್ಪನಿಗೆ ಕಣ್ಣಿನ ಆಪರೇಷನ್ನು, ಕಲಬುರಗಿಯಲ್ಲಿರುವ ಅಕ್ಕ ಬರಬೇಕು. "ಅಲ್ಲೂ ಏರ್‌ಪೋರ್ಟ್ ಇದೆ, ನಮ್ಮ ಸೋಗಾನೇಲೂ ಇದೆ. ವಿಮಾನದಲ್ಲಿ ಎಷ್ಟೊತ್ತಾಗತ್ತೆ, ನೋಡಿ ಹೇಳೋ" ಅಂದಳು. ಮಗ ಇಂಜಿನಿಯರ್ ಅಲ್ವಾ, ತಕ್ಷಣ ದೂರದ ಲೆಕ್ಕ ಹೇಳುವ ತಾಣವೊಂದರಲ್ಲಿ ಎರಡೂ ಊರಿನ ಹೆಸರು ಕುಟ್ಟಿದೆ. 410 ಕಿ.ಮೀ., 31 ನಿಮಿಷ. ಹಾಗೇ ಹೇಳಿಬಿಟ್ಟೆ. ನನ್ನ ತಪ್ಪು ಶುರುವಾಗಿದ್ದು ಅಲ್ಲಿ.

410 ಸುಳ್ಳಲ್ಲ. ಸೋಗಾನೆಯ ಅಕ್ಷಾಂಶ ಸುಮಾರು 13.85 ಡಿಗ್ರಿ, ಕಲಬುರಗಿ ನಿಲ್ದಾಣದ್ದು 17.31. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ ಉತ್ತರಕ್ಕೆ 380 ಚಿಲ್ಲರೆ, ಪೂರ್ವಕ್ಕೆ 145ರ ಹತ್ತಿರ. ಹೈಸ್ಕೂಲಿನ ಪೈಥಾಗೊರಸ್ ಸಾಕು, ಇಷ್ಟು ದೂರಕ್ಕೆ ಭೂಮಿ ಗುಂಡಗಿದೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸುಳ್ಳು ಇರೋದು 31ರಲ್ಲಿ. ಅದು 410ನ್ನು ಜೆಟ್ ವಿಮಾನದ 800 ಕಿ.ಮೀ. ವೇಗದಿಂದ ಭಾಗಿಸಿದ್ದು, ಅಷ್ಟೇ. 2023ರ ಆಗಸ್ಟ್ 31ರಂದು ಸೋಗಾನೆಗೆ ಬೆಂಗಳೂರಿನಿಂದ ಬಂದಿಳಿದ ಮೊದಲ ಪ್ರಯಾಣಿಕ ವಿಮಾನ ಎಟಿಆರ್. ಪಂಖ ತಿರುಗುವ ಜಾತಿ, ಗಂಟೆಗೆ 500 ಕಿ.ಮೀ. ಆಸುಪಾಸು. ಬೆಂಗಳೂರು ನಿಲ್ದಾಣ ಇಲ್ಲಿಂದ ನೇರ ಗೆರೆಯಲ್ಲಿ 240 ಕಿ.ಮೀ. ಕೂಡ ಇಲ್ಲ, ಭಾಗಿಸಿದರೆ ಅರ್ಧ ಗಂಟೆ. ಆದರೆ ವೇಳಾಪಟ್ಟಿಯಲ್ಲಿ ಕೊಟ್ಟಿದ್ದು ಒಂದು ಗಂಟೆಗೂ ಮೇಲೆ! ನೆಲದ ಮೇಲೆ ತೆವಳುವುದು, ಏರುವುದು, ಸರದಿಗಾಗಿ ಸುತ್ತುವುದು, ಇಳಿಯುವುದು ಎಲ್ಲ ಸೇರಬೇಕಲ್ಲ. ಮಳೆಗಾಲದಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಇನ್ನು ಕಲಬುರಗಿಯಿಂದ ನೇರ ವಿಮಾನವೇ ಇಲ್ಲದ ಮೇಲೆ ಬೆಂಗಳೂರಿಗೆ ಹೋಗಿ ಬರಬೇಕು. 460 ಮತ್ತು 240, ಒಟ್ಟು 700 ಕಿ.ಮೀ. ಮನೆಯಿಂದ ನಿಲ್ದಾಣಕ್ಕೆ ಅರ್ಧ ಗಂಟೆ, ಅಲ್ಲಿ ಕಾಯೋದು ಒಂದೂವರೆ, ಬೆಂಗಳೂರಿನಲ್ಲಿ ಇನ್ನೊಂದು ಮೂರು... ಎಂಟು ಗಂಟೆಗೆ ಮುಗಿದರೆ ಪುಣ್ಯ. ಅದೂ ಆ ದಿನ ವಿಮಾನ ಇದ್ದರೆ ತಾನೆ.

ಸೋಗಾನೆಯಲ್ಲಿ ನಿಲ್ದಾಣ ಆಗಬಾರದಿತ್ತು ಅಂತ ನಾನು ಹೇಳ್ತಿಲ್ಲ. 3,200 ಮೀಟರ್ ರನ್‌ವೇ ಅಂದ್ರೆ ನಮಗೂ ಹೆಮ್ಮೆಯೇ, ಕಮಲದ ಆಕಾರದ ಕಟ್ಟಡದ ಮುಂದೆ ನಾನೂ ಫೋಟೋ ತೆಗೆಸಿಕೊಂಡಿದ್ದೇನೆ :-) ಆದರೆ ಸಣ್ಣ ನಿಲ್ದಾಣಗಳ ನಡುವಿನ ದೂರವನ್ನು ರನ್‌ವೇಯಿಂದ ರನ್‌ವೇಗೆ ಅಳೆಯೋದು ಮೋಸ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಅಳೆಯಬೇಕು, ಕಾದ ಹೊತ್ತನ್ನೂ ಸೇರಿಸಿ. ಹೊಸ ನಿಲ್ದಾಣ ಉದ್ಘಾಟಿಸುವಾಗ ಖರ್ಚು, ಉದ್ದ ಹೇಳ್ತಾರಲ್ಲ, ವಾರಕ್ಕೆ ಎಷ್ಟು ವಿಮಾನ, ಎಲ್ಲಿಗೆ, ಮುಂದಿನ ವಿಮಾನಕ್ಕೆ ಎಷ್ಟು ಕಾಯಬೇಕು ಅನ್ನೋದನ್ನೂ ಹೇಳಲಿ. ನನ್ನಂಥ ಪ್ರೋಗ್ರಾಮರುಗಳು ಮೂರು ಸಾಲಿನ ಕೋಡ್ ಬರೆದು "ಪ್ರಯಾಣದ ಅವಧಿ" ಅಂತ ಹಣೆಪಟ್ಟಿ ಹಚ್ಚೋದನ್ನೂ ಬಿಡಬೇಕು.

ಅಕ್ಕ ನನ್ನ ಮಾತು ನಂಬಿ ಒಂದೇ ದಿನ ರಜೆ ಹಾಕಿದ್ದಳು. ಟಿಕೆಟ್ ನೋಡಲು ಕೂತಾಗಲೇ ಗೊತ್ತಾಗಿದ್ದು. ನನಗೆ ಫೋನಲ್ಲೇ ಮಂಗಳಾರತಿ ಆಯ್ತು. ಕೊನೆಗೆ ರಾತ್ರಿ ಬಸ್ ಹತ್ತಿ, ಹೊಸಪೇಟೆ, ಚಿತ್ರದುರ್ಗದ ಮೇಲೆ ಬಂದು ಸೇರುವಷ್ಟರಲ್ಲಿ ಅಪ್ಪನ ಆಪರೇಷನ್ ಮುಗಿದಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಪ್ಪ ಅವಳ ದನಿ ಕೇಳಿ, "ಪ್ಲೇನ್ ಲೇಟಾಯ್ತೇನಮ್ಮ?" ಅಂದರಂತೆ.