ಕೂರಿಗಿ ಮೂರು, ಎಡಿ ಒಂದ?

ನೇರವಾಗಿಯೇ ಹೇಳಿಬಿಡ್ತೀನಿ. ನಮ್ಮ ಕಡೆ ಈಗ ಕೈಗೆ ಬರುತ್ತಿರುವ ಮದುವೆ ವಿಡಿಯೊ, ತೊಟ್ಟಿಲ ವಿಡಿಯೊ, ಜಾತ್ರೆ ವಿಡಿಯೊಗಳಲ್ಲಿ ಬಹಳಷ್ಟು ಕುಂಟುತ್ತವೆ. ತೇರು ಮುಂದಕ್ಕೆ ಹೋಗೋದಿಲ್ಲ, ಜಿಗೀತದ. ಮದುಮಗಳು ನಡೆದು ಬಂದರೆ ಹೆಜ್ಜೆ ಹೆಜ್ಜೆಗೂ ತಡವರಿಸಿದ ಹಾಗೆ ಕಾಣ್ತದ. ಕೇಳಿದರೆ ಉತ್ತರ ತಯಾರಾಗಿಯೇ ಇರ್ತದ: “ಮೊಬೈಲ್ ಹಳೀದು ಅದರಿ”, “ಪೆನ್‌ಡ್ರೈವ್ ಸ್ಲೋ ಅದರಿ”, “ನಿಮ್ಮ ಟೀವೀನೇ ಸರಿ ಇಲ್ಲ ಬಿಡ್ರಿ”. ಬಹುತೇಕ ಸಲ ಮೂರೂ ಸುಳ್ಳು. ತಪ್ಪು ಆಗಿರೋದು ಎಡಿಟಿಂಗಿನಲ್ಲಿ. ಬೇರೆ ಬೇರೆ ಫ್ರೇಮ್ ರೇಟಿನ ಕ್ಲಿಪ್ಪುಗಳನ್ನು ಲೆಕ್ಕವಿಲ್ಲದೆ ಕಲಸಿದ್ದು ಅದಕ್ಕೆ ಕಾರಣ.

ಕೊಡಂಬಲದ ಒಂದು ಸಾಧಾರಣ ಮದುವೆ ತಗೋರಿ. ಹುಮನಾಬಾದಿನಿಂದ ಬಂದ ಶೂಟಿಂಗಿನವರ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ಹಿಡಿಯುತ್ತದೆ. ಡ್ರೋನ್ ಹಾರಿಸೋ ಹುಡುಗ “ಸಿನಿಮಾ ಲುಕ್ ಬರ್ತದ” ಅಂತ 24ಕ್ಕೆ ಇಟ್ಟಿರ್ತಾನ. ಹೈದರಾಬಾದಿನಿಂದ ಬಂದ ಸೋದರಮಾವನ ಮೊಬೈಲು 30, ಪುಣೆಯ ಗೆಳೆಯನದು 60. ಅಮೆರಿಕದಲ್ಲಿರುವ ಅಣ್ಣ ಕಳಿಸಿದ ಆಶೀರ್ವಾದದ ಕ್ಲಿಪ್ಪು 29.97. ಇವುಗಳ ನಡುವೆ ಅಪ್ಪ-ಅವ್ವನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟಿನಿಂದ ಎರಡು ನಿಮಿಷ. ಅದರಲ್ಲಿರೋದು ಸೆಕೆಂಡಿಗೆ 50 ಅರ್ಧರ್ಧ ಚಿತ್ರ. ಇಷ್ಟನ್ನೂ ಒಂದೇ ಟೈಮ್‌ಲೈನಿಗೆ ಸುರುವಿ, ಮ್ಯಾಲ ಒಂದು ಹಾಡು ಹಾಕಿ ‘ಎಕ್ಸ್‌ಪೋರ್ಟ್’ ಒತ್ತಿದರೆ ಕೆಲಸ ಮುಗೀತು ಅನ್ನೋದು ಇವತ್ತಿನ ಪದ್ಧತಿ.

ಒಕ್ಕಲುತನದ ಮನಿಯವರಿಗೆ ಇದನ್ನು ತಿಳಿಸೋದು ಸುಲಭ. ತೊಗರಿಯನ್ನು ಕೂರಿಗಿಯಿಂದ ಬಿತ್ತುತ್ತೇವೆ. ತಾಳುಗಳ ನಡುವಿನ ಅಂತರ ಎಷ್ಟೋ ಸಾಲುಗಳ ಅಂತರವೂ ಅಷ್ಟೇ. ಆಮೇಲೆ ಆ ಅಂತರಕ್ಕೆ ಹೊಂದುವ ಎಡಿ ಹೊಡೆದು ಕಳೆ ತೆಗೆಯುತ್ತೇವೆ. ಒಂದೇ ಹೊಲದಾಗ ಮೂರು ಅಳತಿಯ ಕೂರಿಗಿ ಆಡಿಸಿ, ಎಡಿ ಮಾತ್ರ ಒಂದೇ ಅಳತೀದು ಹೊಡದ್ರ ಏನಾಗ್ತದ? ಕಳೆ ಜೊತಿ ಬೆಳೀನೂ ಕಿತ್ತು ಬರ್ತದ. ಮುತ್ಯಾನ ಮುಂದ ಹೀಂಗ ಮಾಡಿದ್ರ ಬಾರಕೋಲು ಬೆನ್ನಿಗೆ ಬೀಳ್ತಿತ್ತು. ಎಡಿಟಿಂಗಿನಲ್ಲಿ ಮಾಡಿದರೆ ರೊಕ್ಕ ಕೊಟ್ಟು ತರ್ತೀವಿ.

ಲೆಕ್ಕ ನೋಡ್ರಿ. 30ರ ಕ್ಲಿಪ್ಪನ್ನು 25ರ ಟೈಮ್‌ಲೈನಿಗೆ ಹಾಕಿದರೆ ಆರು ಚಿತ್ರಗಳಲ್ಲಿ ಒಂದು ಬಿದ್ದು ಹೋಗುತ್ತದೆ. ಹತ್ತು ನಿಮಿಷದಲ್ಲಿ 18,000 ಚಿತ್ರ ಇದ್ದರೆ 3,000 ಕಸಕ್ಕೆ. ಅದೂ ಸೆಕೆಂಡಿಗೆ ಐದು ಸಲ ಕುಂಟುತ್ತಾ. 24ರದ್ದನ್ನು 25ಕ್ಕೆ ಹಾಕಿದರೆ ಸೆಕೆಂಡಿಗೊಮ್ಮೆ ಒಂದು ಚಿತ್ರ ಎರಡು ಸಲ ಬರುತ್ತದೆ; ಡ್ರೋನ್ ನಿಧಾನ ತಿರುಗುವಾಗ ಸೆಕೆಂಡಿಗೊಂದು ಮುಳ್ಳು ಚುಚ್ಚಿದ ಹಾಗೆ. 60ರದ್ದನ್ನು 25ಕ್ಕೆ ತಂದರೆ ಒಮ್ಮೆ ಎರಡು ಹೆಜ್ಜೆ, ಒಮ್ಮೆ ಮೂರು ಹೆಜ್ಜೆ. ಆದರೆ 50ರದ್ದು 25ಕ್ಕೆ, 60ರದ್ದು 30ಕ್ಕೆ ಸಮವಾಗಿ ಹೋಗುತ್ತವೆ, ಒಂದು ಬಿಟ್ಟು ಒಂದು. ಇದು ಐದನೇ ಇಯತ್ತೆಯ ಭಾಗಾಕಾರ. ಇದಕ್ಕೆ ಬಿಇ ಡಿಗ್ರಿ ಬೇಕಿಲ್ಲ.

“ಅದೆಲ್ಲಾ ಸಾಫ್ಟ್‌ವೇರೇ ನೋಡ್ಕೋತದ ಬಿಡ್ರಿ” ಅನ್ನೋರು ಇದ್ದಾರ. ಸಾಫ್ಟ್‌ವೇರ್ ಬರೆಯೋದೇ ನನ್ನ ಹೊಟ್ಟೆಪಾಡು, ಅದಕ್ಕೇ ಹೇಳ್ತೀನಿ. ಅದಕ್ಕೆ ಗೊತ್ತಿರೋದು ಮುಖ್ಯವಾಗಿ ಮೂರು ದಾರಿ. ಚಿತ್ರವನ್ನು ಬಿಡೋದು ಇಲ್ಲವೇ ಮತ್ತೆ ತೋರಿಸೋದು ಒಂದು. ಎರಡು ಚಿತ್ರ ಒಂದರ ಮೇಲೊಂದು ಕಲಸೋದು ಇನ್ನೊಂದು. ಇದರಲ್ಲಿ ಕೈಗೆ ಎರಡು ನೆರಳು ಬರ್ತಾವ. ಮೂರನೇದು, ನಡುವಿನ ಚಿತ್ರವನ್ನು ತಾನೇ ಹುಟ್ಟಿಸೋದು. ಈ ಮೂರನೇದನ್ನೇ ಈಗ ಭಾರಿ ಬುದ್ಧಿವಂತಿಕೆ ಅಂತ ಮಾರ್ತಾರ. ನಿಧಾನ ಚಲಿಸುವ ದೃಶ್ಯದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅಕ್ಕಿಕಾಳು ಬೀಳುವ ಹೊತ್ತು ನೋಡ್ರಿ. ನೂರು ಕೈ, ಸಾವಿರ ಕಾಳು, ಒಂದರ ಮುಂದೆ ಒಂದು ಹಾಯ್ತಾವ. ಕಾಳು ಕರಗಿ ಗೆರೆ ಆಗ್ತಾವ, ಬಳಿ ಮುಂಗೈಯೊಳಗ ಮುಳುಗ್ತಾವ. ಆ ಚಿತ್ರ ಯಾವ ಕ್ಯಾಮೆರಾನೂ ಕಂಡದ್ದಲ್ಲ. ಮನಿ ನೆನಪಿನೊಳಗ ಆಗದೇ ಇದ್ದದ್ದು ಬಂದು ಕೂತ್ರ ಅದು ಸುಧಾರಣೆ ಅಲ್ಲ, ಕಲಬೆರಕೆ.

ಇನ್ನೊಂದು ಕಣ್ಣಿಗೆ ಕಾಣದ ರೋಗ ಇದೆ. ಮೊಬೈಲಿನ 30 ಅನ್ನೋದು ಸದಾ 30 ಅಲ್ಲ. ಬೆಳಕು ಕಡಿಮೆಯಾದರೆ, ಫೋನು ಬಿಸಿಯಾದರೆ ಅದು ಚಿತ್ರಗಳ ಸಂಖ್ಯೆಯನ್ನು ಹಿಂದೆ ಮುಂದೆ ಮಾಡಬಹುದು. ಒಂದು ಕ್ಲಿಪ್ಪು ಸರಾಸರಿ 29.5 ಬಂದಿದೆ ಅನ್ನೋಣ. ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು 30 ಅಂತಲೇ ಎಣಿಸಿದರೆ ಹತ್ತು ನಿಮಿಷದ ಕೊನೆಗೆ ಚಿತ್ರ ಧ್ವನಿಗಿಂತ ಹತ್ತು ಸೆಕೆಂಡ್ ಮುಂದೆ ಓಡಿರುತ್ತದೆ. ಹಲಗಿ ಬಡಿಯೋ ಕೈ ಎತ್ತಿದಾಗ ಸಪ್ಪಳ, ಇಳಿಸಿದಾಗ ಮೌನ. ಸೋಬಾನ ಹಾಡೋ ಆಯಿಯ ತುಟಿ ಮುಚ್ಚಿರ್ತದ, ಹಾಡು ನಡದಿರ್ತದ. ಇದಕ್ಕೆ ಮದ್ದು ಇದೆ, ಅದೂ ಪುಕ್ಕಟೆ. ಮೀಡಿಯಾಇನ್ಫೋದಲ್ಲಿ ಫೈಲ್ ತೆರೆದರೆ ಫ್ರೇಮ್ ರೇಟ್ ಸ್ಥಿರವೋ ಚಂಚಲವೋ ಅಂತ ತೋರಿಸುತ್ತದೆ. ಚಂಚಲ ಇದ್ದರೆ ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟಂಟ್’ ಆಯ್ದು ಒಂದು ಪ್ರತಿ ಮಾಡಿ, ಆ ಪ್ರತಿಯನ್ನು ಎಡಿಟ್ ಮಾಡಬೇಕು. ಅರ್ಧ ತಾಸಿನ ಕೆಲಸಕ್ಕೆ ಬೇಸರ ಮಾಡಿ ಆಯಿಯ ಹಾಡು ಕೆಡಿಸ್ತಾರ.

ಈಗ ಆ 24ರ ಹುಚ್ಚಿಗೆ ಬರೋಣ. 1920ರ ದಶಕದ ಕೊನೆಗೆ ಸಿನಿಮಾಕ್ಕೆ ಮಾತು ಬಂದಾಗ, ಧ್ವನಿ ಸರಿಯಾಗಿ ಕೇಳಬೇಕೆಂದರೆ ಫಿಲ್ಮು ಒಂದೇ ವೇಗದಲ್ಲಿ ಓಡಬೇಕಾಯಿತು. ಧ್ವನಿಯೂ ಕೆಡಬಾರದು, ಫಿಲ್ಮಿನ ಖರ್ಚೂ ಹೆಚ್ಚಾಗಬಾರದು ಅನ್ನೋ ಹೊಂದಾಣಿಕೆಯಲ್ಲಿ 24 ನಿಂತಿತು. ಆ ಜಿಪುಣ ಲೆಕ್ಕವನ್ನೇ ಇವತ್ತು ಕಲೆ ಅಂತ ತಲೆ ಮೇಲೆ ಹೊತ್ತು ತಿರುಗ್ತೀವಿ. ಮದುವೆ ಪೂರ್ತಿ 24ರಲ್ಲೇ ತೆಗೀತೀನಿ ಅಂದ್ರ ತೆಗೀರಿ, ನನ್ನ ತಕರಾರಿಲ್ಲ. ಡ್ರೋನ್ ಒಂದೇ 24, ಉಳಿದದ್ದೆಲ್ಲಾ 25 ಅನ್ನೋದು ಯಾವ ಶಾಣ್ಯಾತನ?

ನಮ್ಮ ದೇಶದಲ್ಲಿ 25 ಬಂದದ್ದಕ್ಕೆ ಒಂದು ಕಾರಣ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಅದಕ್ಕೆ ಹೊಂದುವ 25ರ ಲೆಕ್ಕದಲ್ಲೇ ನಮ್ಮ ಟೀವಿ ಶುರುವಾಯಿತು. 1982ರಲ್ಲಿ ಬಣ್ಣ ಬಂದಾಗ ನಾವು ಆರಿಸಿಕೊಂಡದ್ದು ಪಾಲ್ ಪದ್ಧತಿ. ಅಮೆರಿಕದ ಕರೆಂಟು 60 ಹರ್ಟ್ಸ್, ಅವರ ಟೀವಿ 30ರ ಲೆಕ್ಕದ್ದು. 1953ರಲ್ಲಿ ಬಣ್ಣ ಸೇರಿಸುವಾಗ ಅದು 29.97 ಆಯಿತು. ಕಲಿಸುವ ವಿಡಿಯೊಗಳು ಬಹಳಷ್ಟು ಅಲ್ಲಿನವು. “30ಕ್ಕೆ ಇಡಿ, ಶಟರ್ ಅರವತ್ತನೇ ಒಂದು ಸೆಕೆಂಡಿಗೆ ಇಡಿ” ಅಂತಾರ, ನಮ್ಮವರು ಹಾಂಗೇ ಇಡ್ತಾರ. ನಮ್ಮ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಆ ಶಟರಿಗೆ ಅದು ಹೊಂದೋದಿಲ್ಲ. ಕಲ್ಯಾಣ ಮಂಟಪದ ಗೋಡೆ ಮೇಲೆ ಕರೀ ಪಟ್ಟಿ ಹರೀತಾವ. 30ರಲ್ಲೇ ತೆಗೆದರೂ ಶಟರನ್ನು ಐವತ್ತನೇ ಒಂದು ಅಥವಾ ನೂರನೇ ಒಂದು ಸೆಕೆಂಡಿಗೆ ಇಟ್ಟರೆ ಈ ಕಾಟ ತಪ್ಪುತ್ತದೆ. 120, 240ರ ಸ್ಲೋಮೋಷನ್ನನ್ನು ಟ್ಯೂಬ್‌ಲೈಟಿನ ಕೆಳಗೆ ತೆಗೆಯಲೇಬೇಡಿ, ಅಂಗಳದ ಬಿಸಿಲಿಗೆ ಬರ್ರಿ.

“ಈಗ ಟೀವಿ ಯಾರು ನೋಡ್ತಾರ? ಎಲ್ಲರೂ ಮೊಬೈಲಿನಾಗ ನೋಡ್ತಾರ, ಅದರ ಪರದೆ 60, 30 ಸರಿಯಾಗಿ ಹೊಂದ್ತದ” ಅನ್ನೋದು ಒಂದು ವಾದ. ಖರೇ ಮಾತು. ಬಹಳಷ್ಟು ಆಂಡ್ರಾಯ್ಡ್ ಫೋನುಗಳ ಕ್ಯಾಮೆರಾದಲ್ಲಿ 30, 60 ಬಿಟ್ಟರೆ 25 ಸಿಗೋದೂ ಇಲ್ಲ. ನಿಮ್ಮ ಕ್ಲಿಪ್ಪೆಲ್ಲಾ ಮೊಬೈಲಿನದೇ ಆಗಿದ್ದರೆ 30ರಲ್ಲೇ ಕೂಡಿಸ್ರಿ, ನಾನೇನು 25ಕ್ಕೆ ಗುಡಿ ಕಟ್ಟಿಲ್ಲ. ನನ್ನ ಹಟ ಒಂದೇ: ಸಂಖ್ಯೆ ಯಾವುದೇ ಇರಲಿ, ಅದನ್ನು ಮನುಷ್ಯರು ಮೊದಲೇ ಕೂತು ನಿರ್ಧರಿಸಬೇಕು. ಬಹುಪಾಲು ಯಾವುದೋ ಅದೇ ಟೈಮ್‌ಲೈನ್. ಡಾವಿಂಚಿ ರಿಸಾಲ್ವ್‌ನಂಥ ಸಾಫ್ಟ್‌ವೇರಿನಲ್ಲಿ ಕ್ಲಿಪ್ಪುಗಳು ಒಳಗೆ ಬಂದ ಮೇಲೆ ಪ್ರಾಜೆಕ್ಟಿನ ಸಂಖ್ಯೆ ಬದಲಿಸಲು ಬಿಡೋದೇ ಇಲ್ಲ.

ಹೊಂದದ ಕ್ಲಿಪ್ಪಿಗೂ ಮರ್ಯಾದೆಯ ದಾರಿ ಇದೆ. ಅದರ ಧ್ವನಿ ಬೇಡವೆಂದರೆ ಒಂದು ಚಿತ್ರವನ್ನೂ ಬಿಡದೆ ಟೈಮ್‌ಲೈನಿನ ವೇಗಕ್ಕೆ ಓಡಿಸಿ. 30ರ ಹತ್ತು ಸೆಕೆಂಡು 25ರಲ್ಲಿ ಹನ್ನೆರಡು ಸೆಕೆಂಡ್ ಆಗುತ್ತದೆ. ಮೆರವಣಿಗೆ ಸ್ವಲ್ಪ ನಿಧಾನ, ಆದರೆ ನೀರಿನ ಹಾಗೆ ಹರಿಯುತ್ತದೆ. ಡ್ರೋನಿನ 24 ಹೀಗೆ 25ಕ್ಕೆ ಓಡಿದರೆ ಯಾರ ಕಣ್ಣಿಗೂ ತಿಳಿಯೋದಿಲ್ಲ.

“ಒಂದು ವಿಡಿಯೊಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತಿ ತಮ್ಮಾ?” ಅಂತ ಕೇಳೋರಿಗೆ ನನ್ನ ಉತ್ತರ ಇದು. ನಮ್ಮ ಊರುಗಳ ಹಿರೀಕರು ನಡೆದಾಡೋ, ನಗೋ, ಸಿಟ್ಟು ಮಾಡೋ ಚಿತ್ರ ಎಲ್ಲಿದೆ ಹೇಳ್ರಿ? ಎಷ್ಟೋ ಮುತ್ಯಾಂದಿರದು ಯಾರದೋ ಮದುವೆ ಕ್ಯಾಸೆಟ್ಟಿನಲ್ಲಿ ಪಂಕ್ತಿಗೆ ಕೂತ ಇಪ್ಪತ್ತು ಸೆಕೆಂಡು, ಅಷ್ಟೇ. ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಅರ್ಧ ಚಿತ್ರಗಳನ್ನು ಬಿಸಾಕಿ 25 ಮಾಡಿ, ಅದನ್ನು ಮತ್ತೆ 30 ಮಾಡಿ, ವಾಟ್ಸಾಪಿನಲ್ಲಿ ಹಿಂಡಿ, ಕೊನೆಗೆ ಮೂಲ ಕ್ಯಾಸೆಟ್ಟನ್ನು ಗುಜರಿಗೆ ಹಾಕಿದರೆ ಆ ಮನುಷ್ಯನ ನಡಿಗೆಯೇ ಹೋಯಿತು. ಮುಖ ಫೋಟೊದಲ್ಲಿ ಸಿಕ್ಕೀತು. ನಡಿಗೆ, ಕೈಯಾಡಿಸುವ ರೀತಿ, ತಿರುಗಿ ನೋಡುವ ರೀತಿ ಇರೋದು ಚಿತ್ರ-ಚಿತ್ರದ ನಡುವಿನ ಕಾಲದಲ್ಲಿ. ನಾವು ಲೆಕ್ಕವಿಲ್ಲದೆ ಕೆಡಿಸುತ್ತಿರೋದು ಅದನ್ನೇ.

ಅದಕ್ಕೇ ಶೂಟಿಂಗಿನವರಿಗೆ ಹೇಳೋದು: ಎಲ್ಲಾ ಕ್ಯಾಮೆರಾ, ಡ್ರೋನ್ ಒಂದೇ ಸಂಖ್ಯೆಗೆ ಇಡ್ರಿ. ಎಡಿಟ್ ಮಾಡಿದ್ದರ ಜೊತೆ ಮೂಲ ಫೈಲುಗಳನ್ನೂ ಕೊಡ್ರಿ, ಹಾರ್ಡ್‌ಡಿಸ್ಕಿನ ರೊಕ್ಕ ನಾವು ಕೊಡ್ತೀವಿ. ಕ್ಯಾಸೆಟ್ ಇಳಿಸುವವರು 50 ಅರ್ಧ ಚಿತ್ರಗಳಿಂದ 50 ಪೂರ್ಣ ಚಿತ್ರ ಮಾಡ್ರಿ, ಅದು 25ರ ಟೈಮ್‌ಲೈನಿಗೆ ಸಮವಾಗಿ ಕೂಡುತ್ತದೆ. ಐಫೋನ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ‘ಶೋ ಪಾಲ್ ಫಾರ್ಮ್ಯಾಟ್ಸ್’ ಹಚ್ಚಿದರೆ 25 ಸಿಗುತ್ತದೆ. ಮತ್ತೆ ನನ್ನಂಥ ಇಂಜಿನಿಯರುಗಳಿಗೆ: ಇಷ್ಟು ಸಣ್ಣ ಭಾಗಾಕಾರವನ್ನು ಕನ್ನಡದಲ್ಲಿ ಬರೆದಿಡಲಿಕ್ಕೆ ನಮಗೆ ಏನು ದಾಡಿ ಆಗಿತ್ತು?

ಮುಂದಿನ ಮದುವೆಗೆ ಮುಂಗಡ ಕೊಡೋ ಮೊದಲು, ಆಲ್ಬಂ ಎಷ್ಟು ಪುಟ ಅಂತ ಕೇಳೋ ಬಾಯಿಂದಲೇ ಇನ್ನೊಂದು ಮಾತು ಕೇಳ್ರಿ: “ಎಲ್ಲಾ ಕ್ಯಾಮೆರಾ ಎಷ್ಟು ಫ್ರೇಮಿಗೆ ಇಡ್ತೀರಿ ಅಣ್ಣಾ?” ಉತ್ತರ ಬರಲಿಲ್ಲ ಅಂದ್ರ ಬ್ಯಾರೆ ಸ್ಟುಡಿಯೊ ನೋಡ್ರಿ.