ಇಂಟರ್‌ವ್ಯೂಗೆ ಹೋಗುವವರಿಗೂ, ಕರೆಯುವವರಿಗೂ

ಬೆಳಗಿನ ಮೊದಲ ಬಸ್ಸಿನಲ್ಲಿ ಕಂಕುಳಲ್ಲಿ ಫೈಲು ಅವುಚಿಕೊಂಡು, ಸೀಟು ಖಾಲಿಯಿದ್ದರೂ ಇಸ್ತ್ರಿ ಕೆಟ್ಟೀತೆಂದು ನಿಂತೇ ಇರುವ ಹುಡುಗನನ್ನು ನೀವೂ ನೋಡಿರುತ್ತೀರಿ. ಕೇಳಬೇಕಾದ್ದೇ ಇಲ್ಲ, ಇಂಟರ್‌ವ್ಯೂಗೆ ಹೊರಟವನು.

"ಈಗೆಲ್ಲಿಯ ಇಂಟರ್‌ವ್ಯೂ ಸ್ವಾಮಿ, ಎಲ್ಲ ಪರೀಕ್ಷೆಯಲ್ಲೇ ಮುಗಿಯುತ್ತಲ್ಲ?" ಎನ್ನುವವರಿದ್ದಾರೆ. ನಿಜ. ಕೇಂದ್ರ ಸರಕಾರ 2016ರ ಜನವರಿ 1ರಿಂದ 'ಸಿ' ದರ್ಜೆ ಹಾಗೂ ಗೆಜೆಟೆಡ್ ಅಲ್ಲದ 'ಬಿ' ದರ್ಜೆಯ ಹುದ್ದೆಗಳಿಗೆ ಸಂದರ್ಶನ ಕೈಬಿಟ್ಟಿತು. ಶಿಫಾರಸು, ಲಂಚದ ಬಾಗಿಲು ಮುಚ್ಚಲಿ ಅಂತ. ಆದರೆ ಐ.ಎ.ಎಸ್. ಪರೀಕ್ಷೆಯ 2025 ಅಂಕಗಳಲ್ಲಿ 275 ಇನ್ನೂ ಸಂದರ್ಶನದವೇ. ಖಾಸಗಿ ಕೆಲಸಕ್ಕಂತೂ ಅದೇ ಹೆಬ್ಬಾಗಿಲು.

ಆದ್ದರಿಂದ ಹುಡುಗ ಹುಡುಗಿಯರೇ, ಒಂದು ಬಸ್ಸು ಮುಂಚೆಯೇ ಹತ್ತಿ. ಸಾಲದ ಕೋಟು ಬೇಡ, ಒಗೆದ ಅಂಗಿ ಸಾಕು. ಮೂಲ ಅಂಕಪಟ್ಟಿ, ಜೆರಾಕ್ಸು ಕ್ರಮವಾಗಿರಲಿ. ಮೊಬೈಲು ಬಾಗಿಲ ಹೊರಗೇ ಬಾಯಿ ಮುಚ್ಚಲಿ. ಅರ್ಜಿಯಲ್ಲಿ ಬರೆದದ್ದನ್ನು ಇನ್ನೊಮ್ಮೆ ಓದಿಕೊಳ್ಳಿ. ಹವ್ಯಾಸ 'ಪುಸ್ತಕ ಓದುವುದು' ಅಂತ ಬರೆದು, ಈಚೆಗೆ ಯಾವುದು ಓದಿದಿರಿ ಅಂದರೆ ಸೂರು ನೋಡಿದರೆ ಹೇಗೆ? ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸಾರ್" ಅನ್ನಿ. ಒಂದು ಸುಳ್ಳು ಹೇಳಿದರೆ ಅದನ್ನು ಕಾಯಲು ಹತ್ತು ಬೇಕಾಗುತ್ತವೆ. ಇಂಗ್ಲಿಷು ತಡವರಿಸಿದರೆ "ಕನ್ನಡದಲ್ಲಿ ಹೇಳಬಹುದೇ?" ಅಂತ ಕೇಳುವುದು ಅವಮಾನವಲ್ಲ. ಐ.ಎ.ಎಸ್. ಸಂದರ್ಶನವನ್ನೇ ಕನ್ನಡದಲ್ಲಿ ಕೊಡಲು ಅವಕಾಶವಿದೆ. ಇನ್ನೊಂದು, ಕೆಲಸ ಕೊಡುವ ಮೊದಲೇ ಡಿಪಾಜಿಟ್ ಕೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಇಷ್ಟೂ ಬುದ್ಧಿವಾದ ಬರಿಯ ಹುಡುಗರಿಗೇ ಯಾಕೆ? ಮೇಜಿನ ಆ ಕಡೆ ಕೂತವರಿಗೂ ನಡತೆ ಬೇಡವೇ? ಹತ್ತು ಗಂಟೆಗೆ ಬರಹೇಳಿ ಮೂರಕ್ಕೆ ಒಳಗೆ ಕರೆಯುವುದು, ಯಾರಿಗೆ ಕೊಡಬೇಕೆಂದು ಮೊದಲೇ ತೀರ್ಮಾನಿಸಿ ಇಪ್ಪತ್ತು ಮಂದಿಯ ಬಸ್ ಚಾರ್ಜು ದಂಡ ಮಾಡಿಸುವುದು ಯಾವ ನ್ಯಾಯ? ಅಂಗಡಿಯ ಯಜಮಾನರೇ, ಲೆಕ್ಕ ಬರೆಯಲು ಹುಡುಗ ಬೇಕೆಂದರೆ ಒಂದು ಬಿಲ್ಲು ಕೂಡಿಸಿ ತೋರಿಸು ಎನ್ನಿ. "ನೀನು ಯಾವ ಜನ?" ಎಂದು ಕೇಳಿದರೆ ಅವನಿಗೆ ಲೆಕ್ಕ ಬರುತ್ತೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ. ಹುಡುಗಿಯಾದರೆ ಮದುವೆ ಯಾವಾಗ ಎಂಬ ಪ್ರಶ್ನೆ ಬೇರೆ! ಸಂಬಳ ಎಷ್ಟೆಂದು ಮಾತ್ರ ತಿಂಗಳ ಕೊನೆಗೆ ಹೇಳುತ್ತೀರಿ.

ಕೆಲಸ ಇಲ್ಲವೆಂದರೆ ಇಲ್ಲವೆಂದೇ ಹೇಳಿಬಿಡಿ. "ತಿಳಿಸ್ತೀವಿ" ಎಂಬ ಒಂದು ಮಾತಿಗೆ ಒಂದಿಡೀ ಮನೆ ತಿಂಗಳುಗಟ್ಟಲೆ ಕಾಯುತ್ತದೆ.

ಸಂಜೆ ಅದೇ ಹುಡುಗ ಅದೇ ಬಸ್ಸಿನಲ್ಲಿ, ಇಸ್ತ್ರಿ ಕೆಟ್ಟ ಅಂಗಿಯಲ್ಲಿ ವಾಪಸು ಬರುತ್ತಾನೆ. ಏನಾಯ್ತಪ್ಪ ಅಂತ ಕೇಳುವ ಮುಂಚೆ ಸ್ವಲ್ಪ ಸರಿದು ಜಾಗ ಕೊಡಿ.