ಪಹಣಿ, ಪಾಸ್‌ಬುಕ್ಕು, ಹೆಬ್ಬೆಟ್ಟು: ಗುಂಪಿಗೆ ಹಾಕುವ ಮುನ್ನ ಯೋಚಿಸಿ



ಬಿತ್ತನೆಗೆಂದು ಎತ್ತಿಟ್ಟ ರಾಗಿಯನ್ನು ಯಾರೂ ಬೀದಿಯಲ್ಲಿ ಚೆಲ್ಲಿ ಬರುವುದಿಲ್ಲ. ಜಮೀನಿನ ಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ. ಆದರೆ ಅವೇ ಪತ್ರಗಳ ಚಿತ್ರವನ್ನು, ಆಧಾರ್ ಕಾರ್ಡನ್ನು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟವನ್ನು ಇನ್ನೂರು ಮಂದಿ ಇರುವ ವಾಟ್ಸಾಪ್ ಗುಂಪಿಗೆ ಹಾಕಲು ಹಿಂದುಮುಂದು ನೋಡುವುದಿಲ್ಲ. ಬೇಸಾಯ ಶಾಸ್ತ್ರದವನಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಈ ಅಭ್ಯಾಸವನ್ನು ತಮಗೆ ಕಲಿಸಿದವರಲ್ಲಿ ನಾವು ವಿಸ್ತರಣಾ ಕಾರ್ಯಕರ್ತರೂ ಸೇರಿದ್ದೇವೆ. ಅದಕ್ಕಾಗಿಯೇ ಈ ಲೇಖನ.

ಕೆಲವು ವರ್ಷಗಳ ಹಿಂದೆ ರಾಗಿ ಪ್ರಾತ್ಯಕ್ಷಿಕೆಗೆ ಆಯ್ಕೆಯಾದ ರೈತರ ದಾಖಲೆಗಳು ಬೇಕಾಗಿದ್ದವು. "ಸಂಜೆಯೊಳಗೆ ಎಲ್ಲರೂ ಗುಂಪಿಗೇ ಹಾಕಿಬಿಡಿ" ಎಂದು ನಾನೇ ಬರೆದೆ. ಸಂಜೆಯ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಕುಟುಂಬಗಳ ಪಹಣಿ, ಆಧಾರ್ ಮತ್ತು ಪಾಸ್‌ಬುಕ್ಕುಗಳು ಬಂದು ಬಿದ್ದವು. ಕೆಲಸ ಸುಲಭವಾಯಿತೆಂದು ಸಂತೋಷಪಟ್ಟೆ. ತಿಂಗಳೊಪ್ಪತ್ತಿನಲ್ಲಿ ಅವರಲ್ಲೊಬ್ಬ ರೈತ ಮಹಿಳೆಗೆ ಫೋನು ಬಂತು. ಸಹಾಯಧನ ಮಂಜೂರಾಗಿದೆಯೆಂದು ಹೇಳಿದ ಆ ಅಪರಿಚಿತ ಅವರ ಹೆಸರು, ಸರ್ವೆ ನಂಬರು, ಖಾತೆಯ ಕೊನೆಯ ಅಂಕಿಗಳನ್ನು ತಪ್ಪಿಲ್ಲದೆ ಒಪ್ಪಿಸಿ, ಮೊಬೈಲಿಗೆ ಬಂದಿರುವ ಓಟಿಪಿಯನ್ನು ಕೇಳಿದ. ಅದೃಷ್ಟಕ್ಕೆ ಪಕ್ಕದಲ್ಲಿದ್ದ ಮಗ ಫೋನು ಕಸಿದು ಕತ್ತರಿಸಿದ. "ಸಾರ್, ನಮ್ಮ ಸರ್ವೆ ನಂಬರು ಅವನಿಗೆ ಹೆಂಗೆ ಗೊತ್ತಾಯ್ತು?" ಎಂದು ಆಕೆ ನನ್ನನ್ನು ಕೇಳಿದರು. ನಮ್ಮ ಗುಂಪಿನಿಂದಲೇ ಹೋಯಿತೆಂದು ನಾನು ಸಾಧಿಸಿ ತೋರಿಸಲಾರೆ. ಹೋಗಲಿಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಬಿಡಿಯಾಗಿ ನೋಡಿದರೆ ಈ ಮಾಹಿತಿಗಳು ನಿರುಪದ್ರವಿಯಾಗಿ ಕಾಣುತ್ತವೆ. ಪಹಣಿಯನ್ನು ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಫೋನ್ ನಂಬರು ಊರಿಗೆಲ್ಲ ಗೊತ್ತು. ಆದರೆ ಪಹಣಿ, ಫೋನ್ ನಂಬರು, ಆಧಾರ್ ಹಾಗೂ ಖಾತೆ ಸಂಖ್ಯೆ ಒಂದೇ ಕೈಗೆ ಸಿಕ್ಕಾಗ ಅದು ಬೀಗದ ಕೈ ಗೊಂಚಲಾಗುತ್ತದೆ. ಇದು ಕೇವಲ ಭಯದ ಮಾತಲ್ಲ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದು, ಓಟಿಪಿ ಬೇಕಿಲ್ಲ. ಬ್ಯಾಂಕು ದೂರವಿರುವ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲವೇ ಸರಿ. ಆದರೆ ವಂಚಕರು ನೋಂದಾಯಿತ ಕ್ರಯಪತ್ರಗಳ ನಕಲುಗಳನ್ನು ಕಾವೇರಿ ಜಾಲತಾಣದಿಂದ ಪಡೆದು, ಅವುಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯಿಂದ ನಕಲಿ ಬೆರಳಚ್ಚು ತಯಾರಿಸಿ, ಜನರ ಖಾತೆಗಳಿಂದ ಹಣ ಎಳೆದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದವು. ಆ ನಂತರ ಪತ್ರಗಳ ನಕಲಿನಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಳ್ಳಲಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ಎನ್ನುವವರಿದ್ದಾರೆ. ಬಾಗಿಲು ಹಾಕಿದ್ದು ಒಳ್ಳೆಯದೇ ಆಯಿತೆಂದು ನಾನು ಹೇಳುತ್ತೇನೆ.

ನಮ್ಮ ಜಿಲ್ಲೆಗೆ ಈ ಪ್ರಕರಣ ಬಹಳ ಹತ್ತಿರದ್ದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಗುಂಟೆ ಜಮೀನಿಗೂ ಚಿನ್ನದ ಬೆಲೆ ಬಂದಿದೆ. ಮಾರಿದವರು, ಕೊಂಡವರು, ವಿಭಾಗ ಮಾಡಿಕೊಂಡವರು ಎಲ್ಲರೂ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರೇ. ಗುಪ್ತಸಂಖ್ಯೆ ಕಳುವಾದರೆ ಬದಲಾಯಿಸಬಹುದು. ಹೆಬ್ಬೆಟ್ಟನ್ನು ಬದಲಾಯಿಸುವುದು ಹೇಗೆ? ಇಲ್ಲಿ ಸರ್ಕಾರಿ ಜಾಲತಾಣದ ಬಾಗಿಲನ್ನು ಸರ್ಕಾರ ಹಾಕಿತು. ನಮ್ಮ ಗುಂಪುಗಳಿಗೆ ನಾವೇ ತಳ್ಳಿದ ಚಿತ್ರಗಳಿಗೆ ಬಾಗಿಲು ಹಾಕುವವರು ಯಾರು? ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮುಂಚೆ ಕೀಳಬೇಕೆಂದು ತಮಗೆ ಹೇಳುತ್ತಾ ಬಂದಿದ್ದೇವೆ. ಬೀಜ ಉದುರಿದ ಮೇಲೆ ಗಿಡ ಕಿತ್ತು ಪ್ರಯೋಜನವೇನು? ಗುಂಪಿನಲ್ಲಿ ಅಳಿಸಿದ ಚಿತ್ರವೂ ಹಾಗೆಯೇ. ಅಷ್ಟರಲ್ಲಿ ಅದು ಎಷ್ಟು ಮೊಬೈಲುಗಳಲ್ಲಿ ಉಳಿದಿದೆಯೋ ಬಲ್ಲವರಿಲ್ಲ.

ಹಾಗಾದರೆ ಗುಂಪುಗಳೇ ಬೇಡವೇ? ಖಂಡಿತ ಬೇಕು. ಬೆಳಿಗ್ಗೆ ರೋಗ ತಗುಲಿದ ದ್ರಾಕ್ಷಿ ಎಲೆಯ ಚಿತ್ರ ಹಾಕಿದವರಿಗೆ ಸಂಜೆಯೊಳಗೆ ಪರಿಹಾರ ಸಿಗುತ್ತಿರುವುದು ಗುಂಪುಗಳಿಂದಲೇ. ಬೆಳೆಯ ಚಿತ್ರಕ್ಕೆ ಗುಂಪು ಸರಿಯಾದ ಸ್ಥಳ. ಬೆಳೆಗಾರನ ದಾಖಲೆಗೆ ಅದು ಸ್ಥಳವಲ್ಲ.

ಮೊದಲು ನಮ್ಮವರಿಗೆ ಒಂದು ಮಾತು. ರೈತರ ಜಮೀನು, ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಒಂದೆಡೆ ಸೇರಿಸಲೆಂದೇ ನಮ್ಮ ರಾಜ್ಯದಲ್ಲಿ ಫ್ರೂಟ್ಸ್ ತಂತ್ರಾಂಶವಿದೆ. ಅದರ ಗುರುತಿನ ಸಂಖ್ಯೆಯಿಂದ ಆಗುವ ಕೆಲಸಕ್ಕೆ ಮತ್ತೆ ಮತ್ತೆ ನಕಲುಗಳನ್ನು ಕೇಳುವುದೇಕೆ? ನಕಲು ಬೇಕೇಬೇಕೆಂದಾದರೆ ಕಚೇರಿಯಲ್ಲಿ ಕೈಗೆ ಪಡೆಯೋಣ. ಫಲಾನುಭವಿಗಳ ಪಟ್ಟಿಯನ್ನು ಫೋನ್ ನಂಬರು ಸಮೇತ ಫೇಸ್‌ಬುಕ್ಕಿಗೆ ಏರಿಸುವುದನ್ನು ನಿಲ್ಲಿಸೋಣ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಹಕ್ಕು ಪಟ್ಟಣದ ವಿದ್ಯಾವಂತರಿಗೆ ಮಾತ್ರ ಸೇರಿದ್ದಲ್ಲ. ಹೆಬ್ಬೆಟ್ಟು ಒತ್ತುವ ರೈತನಿಗೂ ಸೇರಿದ್ದು.

ಇನ್ನು ತಾವು ಅನುಸರಿಸಬೇಕಾದ ಕ್ರಮಗಳು:

1. ಯಾರೇ ಕೇಳಲಿ, ನಾನೇ ಕೇಳಲಿ, ಆಧಾರ್, ಪಾಸ್‌ಬುಕ್ಕು, ಕ್ರಯಪತ್ರಗಳನ್ನು ಗುಂಪಿಗೆ ಹಾಕಬೇಡಿ. "ಯಾವ ಕೆಲಸಕ್ಕೆ?" ಎಂದು ಕೇಳಿ. ಹಾಗೆ ಕೇಳುವುದು ಉದ್ಧಟತನವಲ್ಲ.

2. ಆಧಾರ್ ನಕಲು ಕೊಡಲೇಬೇಕಾದಾಗ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಆಧಾರನ್ನು ಒಪ್ಪುವ ಕಡೆ ಅದನ್ನೇ ಕೊಡಿ. ನಕಲಿನ ಮೇಲೆ ದಿನಾಂಕ ಮತ್ತು ಉದ್ದೇಶ ಬರೆಯಿರಿ.

3. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಆಧಾರಿಗೆ ತಮ್ಮ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಪಡಿತರಕ್ಕೋ ನೋಂದಣಿಗೋ ಹೆಬ್ಬೆಟ್ಟು ಕೊಡುವಾಗ ಬೀಗ ತೆಗೆದು, ಮತ್ತೆ ಹಾಕಬಹುದು. ಓದುವ ಮಕ್ಕಳ ನೆರವು ಪಡೆಯಿರಿ.

4. ಪಿಎಂ ಕಿಸಾನ್ ಹೆಸರಿನಲ್ಲಿ ಗುಂಪಿಗೆ ಬರುವ 'ಎಪಿಕೆ' ಎಂದು ಕೊನೆಯಾಗುವ ಕಡತಗಳನ್ನು ಒತ್ತಬೇಡಿ. ಅಂಥದ್ದು ಮೊಬೈಲಿಗೆ ಸೇರಿಕೊಂಡರೆ ತಮಗೆ ಬರುವ ಓಟಿಪಿಗಳನ್ನು ಬೇರೆಯವರು ಓದಬಲ್ಲರು. ಕಳುಹಿಸಿದವರು ಪರಿಚಿತರೆಂದು ನಂಬುವಂತಿಲ್ಲ. ಅವರ ಮೊಬೈಲೂ ಕಳ್ಳನ ಕೈ ಸೇರಿರಬಹುದು.

5. ಹಣ ಹೋಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಫೋನು ಮಾಡಿ, ಬ್ಯಾಂಕಿಗೂ ಲಿಖಿತ ದೂರು ಕೊಡಿ. ಹಣ ಕೈಯಿಂದ ಕೈಗೆ ದಾಟುವ ಮೊದಲು ತಡೆಯಲು ಅವಕಾಶವಿರುವುದರಿಂದ ಮೊದಲ ಗಂಟೆಗಳು ಬಹಳ ಮುಖ್ಯ. ನಾಚಿಕೆಯಿಂದ ಮುಚ್ಚಿಟ್ಟರೆ ಲಾಭ ವಂಚಕನಿಗೇ.

ಆ ಪ್ರಾತ್ಯಕ್ಷಿಕೆಯ ದಾಖಲೆಗಳನ್ನು ನನ್ನ ಮೊಬೈಲಿನಿಂದ ಅಳಿಸಿದ್ದೇನೆ. ಗುಂಪಿನ ಉಳಿದವರಿಗೂ ಅಳಿಸಲು ಕೇಳಿಕೊಂಡಿದ್ದೇನೆ. ಎಷ್ಟು ಮಂದಿ ಅಳಿಸಿದರೋ ಹೇಳಲಾರೆ. ಮುಂದಿನ ಹಂಗಾಮಿನಲ್ಲಿ ಯಾವುದಾದರೂ ಅಧಿಕಾರಿ "ಗುಂಪಿಗೇ ಹಾಕಿಬಿಡಿ" ಎಂದರೆ, "ಕಚೇರಿಗೇ ಬಂದು ಕೊಡುತ್ತೇವೆ ಸಾರ್" ಎಂದು ತಾವು ಹೇಳಬೇಕು. ಒಂದು ದಿನದ ಓಡಾಟ ಹೆಚ್ಚಾದೀತು. ಆದರೆ ವರ್ಷದ ದುಡಿಮೆ ತಮ್ಮಲ್ಲೇ ಉಳಿದೀತು.